ಒಂದು ಸಲ ಸಿಕ್ಕಿದೆ

ಪರೀಕ್ಷೆಗೆಂದು ಅವನು ಮೊದಲು ಹಾಕಿ ನೋಡಿದ್ದು ಹೆಂಡತಿಯ ಪಾಸ್‌ವರ್ಡನ್ನು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವಳು ಬದಲಿಸದೆ ಉಳಿಸಿಕೊಂಡ ಕೆಲವೇ ಸಂಗತಿಗಳಲ್ಲಿ ಅದೂ ಒಂದು: ಹೆಸರಿನ ಮೊದಲ ಮೂರಕ್ಷರ, ಆಮೇಲೆ ಒಂದರಿಂದ ಆರರವರೆಗಿನ ಅಂಕಿ. ಗುಂಡಿ ಒತ್ತಿದ ಕೂಡಲೇ ಉತ್ತರ ಬಂತು. ಸೋರಿಹೋದ ಪಟ್ಟಿಗಳಲ್ಲಿ ಈ ಪಾಸ್‌ವರ್ಡ್ ನಲವತ್ತೊಂದು ಸಾವಿರದ ಮುನ್ನೂರ ಏಳು ಸಲ ಸಿಕ್ಕಿದೆ. ಅವನಿಗೆ ನಗು ಬಂತು. ಲೋಕದಲ್ಲಿ ಎಲ್ಲೆಲ್ಲೋ ಕೂತ ನಲವತ್ತೊಂದು ಸಾವಿರ ಮಂದಿ ತನ್ನ ಹೆಂಡತಿಯ ಹಾಗೆಯೇ ಯೋಚಿಸುತ್ತಾರೆ ಎನ್ನುವುದು ಯಾಕೋ ಸಮಾಧಾನದ ಮಾತಾಗಿಯೂ ಕಂಡಿತು. ಸಂಜೆ ಹೇಳಿದರೆ, ಅಷ್ಟು ಜನ ಇಟ್ಕೊಂಡಿದಾರೆ ಅಂದ್ರೆ ಒಳ್ಳೇದೇ ಇರ್ಬೇಕು ಬಿಡಿ, ಎಂದುಬಿಡುತ್ತಾಳೆ. ಆಮೇಲೆ ಪಕ್ಕದ ಮೇಜಿನವನು ಹೇಳಿಕೊಟ್ಟ ಒಂದು ಬೈಗುಳವನ್ನು ಹಾಕಿದ. ಅದು ಒಂಬೈನೂರು ಸಲ. ಕಣ್ಣು ಮುಚ್ಚಿ ಕೀಲಿಗಳ ಮೇಲೆ ಬೆರಳಾಡಿಸಿ ಸಿಕ್ಕಿದ್ದನ್ನು ಹಾಕಿದ. ಅದು ಎಲ್ಲೂ ಇಲ್ಲ. ಎಲ್ಲವೂ ಇರಬೇಕಾದ ಹಾಗೇ ಇತ್ತು. ಆಗ, ಏನು ಮಾಡುತ್ತಿದ್ದೇನೆಂದು ಅವನಿಗೇ ತಿಳಿಯುವ ಮೊದಲು, ಬೆರಳುಗಳು ತಾವಾಗಿಯೇ ಒಂದು ಹಳೆಯ ಪದವನ್ನು ಒತ್ತಿಬಿಟ್ಟವು.

ಚಿಕ್ಕಂದಿನಲ್ಲಿ ದೊಡ್ಡವರ ಮಾತು ಕೇಳಿಸಿಕೊಳ್ಳಲು ಬಾಗಿಲ ಹಿಂದೆ ಅವಿತು ನಿಲ್ಲುತ್ತಿದ್ದ ಅವನನ್ನು ಅಮ್ಮ ಕಿವಿ ಹಿಡಿದು ಎಳೆದು ತರುತ್ತ ‘ಬಾಗಿಲಸಂದಿಯ ಕಳ್ಳ’ ಎನ್ನುತ್ತಿದ್ದಳು. ಆ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತೊತ್ತಾಗಿ ಬರೆದು, ಕೊನೆಗೆ ಆಗ ತಾವಿದ್ದ ಮನೆಯ ಮೆಟ್ಟಿಲುಗಳ ಸಂಖ್ಯೆಯನ್ನು ಸೇರಿಸಿ ಮಾಡಿಕೊಂಡ ಪಾಸ್‌ವರ್ಡ್ ಅದು. ಇಂಥದನ್ನು ಇನ್ನೊಬ್ಬ ಮನುಷ್ಯ ಕಟ್ಟಿಕೊಳ್ಳುವುದು ಸಾಧ್ಯವೇ ಇಲ್ಲ. ಅವನೂ ಅದನ್ನು ಬಳಸಿದ್ದು ಒಂದೇ ಕಡೆ, ಹಿಂದಿನ ಕಂಪನಿಯಲ್ಲಿ, ಬಸ್ಸಿನ ಸೀಟು ಕಾದಿರಿಸುವ ಅವರ ಜಾಲತಾಣದ ಒಳಗೆ ಹೋಗಲು. ಪರದೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಹೇಳಿತು: ಒಂದು ಸಲ ಸಿಕ್ಕಿದೆ.

ನಲವತ್ತೊಂದು ಸಾವಿರ ಎಂದರೆ ಅದು ಜಾತ್ರೆ, ಅಲ್ಲಿ ಯಾರ ಗುರುತೂ ಯಾರಿಗೂ ಹತ್ತುವುದಿಲ್ಲ. ಒಂದು ಎಂದರೆ ಅವನೇ. ಅವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕೂತ, ಯಾರೋ ಮುಖಕ್ಕೆ ಮುಖ ತಂದು ನಿಂತ ಹಾಗೆ. ಕಿಟಕಿಯಾಚೆ ಎದುರಿನ ಕಟ್ಟಡದ ತಾರಸಿಯಲ್ಲಿ ಒಬ್ಬ ಹೆಂಗಸು ಒಗೆದ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಹರವುತ್ತಿದ್ದಳು. ಪ್ರತಿ ಸಲ ಕೊಡವಿದಾಗಲೂ ಸದ್ದು ಕೇಳಿಸಬೇಕೆನ್ನಿಸುತ್ತಿತ್ತು, ಗಾಜು ಅದನ್ನು ತಡೆಯುತ್ತಿತ್ತು. ಅವನ ಕಂಪನಿ ನಡೆಸುತ್ತಿದ್ದುದು ರಕ್ತಪರೀಕ್ಷೆ, ಎಕ್ಸ್‌ರೇಗಳ ವರದಿಯನ್ನು ಜನ ಮನೆಯಲ್ಲೇ ಕೂತು ನೋಡಿಕೊಳ್ಳುವ ಜಾಲತಾಣ. ಬೇರೆಲ್ಲೋ ಸೋರಿದ ಪಾಸ್‌ವರ್ಡುಗಳನ್ನು ತಂದು ಇಲ್ಲಿಯ ಬಾಗಿಲಿಗೆ ಒಂದೊಂದಾಗಿ ಹಾಕಿ ನೋಡುವವರು ಹೋದ ತಿಂಗಳು ಇನ್ನೂರು ಜನರ ಖಾತೆಯೊಳಗೆ ಹೊಕ್ಕಿದ್ದರು. ಅದಕ್ಕೆ ಈ ಹೊಸ ಏರ್ಪಾಡು. ಯಾರೇ ಪಾಸ್‌ವರ್ಡ್ ಕೊಟ್ಟರೂ ಅದನ್ನು ಅರೆದು ನಲವತ್ತು ಅಕ್ಷರದ ಒಂದು ಗುರುತು ಮಾಡುವುದು. ಆ ಗುರುತಿನ ಮೊದಲ ಐದಕ್ಷರವನ್ನಷ್ಟೇ ಸೋರಿಕೆಗಳ ಪಟ್ಟಿ ಇಟ್ಟುಕೊಂಡವರಿಗೆ ಕಳಿಸುವುದು. ಆ ಐದರಿಂದ ಶುರುವಾಗುವ ನೂರಾರು ಗುರುತುಗಳನ್ನು ಅವರು ವಾಪಸು ಕಳಿಸುತ್ತಾರೆ, ನಮ್ಮದು ಅದರಲ್ಲಿದೆಯೇ ಎಂದು ನಾವೇ ಇಲ್ಲಿ ಕೂತು ಹುಡುಕಿಕೊಳ್ಳುವುದು. ಕೇಳಿದ್ದು ಯಾವುದನ್ನೆಂದು ಪಟ್ಟಿ ಇಟ್ಟುಕೊಂಡವರಿಗೂ ತಿಳಿಯುವುದಿಲ್ಲ. ಈ ಮರ್ಯಾದೆಯ ಏರ್ಪಾಡು ಅವನಿಗೆ ಹಿಡಿಸಿತ್ತು. ಹೆಸರು ಹೇಳದೆಯೇ ವಿಚಾರಿಸಿಕೊಂಡು ಬರಬಹುದು.

ಹಿಂದಿನ ಕಂಪನಿಯಲ್ಲಿ ಅದು ಆದದ್ದು ಒಂದು ಶುಕ್ರವಾರ. ಕಾರಣ ದೊಡ್ಡದೇನಲ್ಲ, ಐದು ಗಂಟೆಗೆ ಮನೆಗೆ ಹೊರಡಬೇಕೆನ್ನಿಸಿತ್ತು, ಅಷ್ಟೇ. ಆರು ವರ್ಷಗಳಿಂದ ಅವನು ಇದಕ್ಕಿಂತ ದೊಡ್ಡ ಕಾರಣವೊಂದನ್ನು ಹುಡುಕುತ್ತಲೇ ಇದ್ದ: ಆ ದಿನ ಅಮ್ಮನಿಗೆ ಜ್ವರವಿತ್ತೇ, ಮಗಳ ಶಾಲೆಯಲ್ಲಿ ಏನಾದರೂ ಇತ್ತೇ. ಏನೂ ಇರಲಿಲ್ಲ. ಬಸ್ ತಾಣದ ಹಳೆಯ ಪಟ್ಟಿಯಲ್ಲಿ ಗಿರಾಕಿಗಳ ಪಾಸ್‌ವರ್ಡುಗಳು ಬರೆದದ್ದು ಬರೆದ ಹಾಗೇ, ಮುಚ್ಚುಮರೆಯಿಲ್ಲದೆ ಇದ್ದವು. ಅವನ್ನು ಹೊಸ ಕ್ರಮಕ್ಕೆ ದಾಟಿಸುವ ಕೆಲಸ ಅವನದು. ಶನಿವಾರ ಮನೆಯಲ್ಲೇ ಮಾಡಿದರಾಯಿತೆಂದು ಪಟ್ಟಿಯ ಪ್ರತಿಯೊಂದನ್ನು ಸರ್ವರಿನಲ್ಲಿ ಹೊರಗಿನವರಿಗೂ ತೆರೆದಿದ್ದ ಫೋಲ್ಡರಿನಲ್ಲಿಟ್ಟ, ಮನೆಯಿಂದ ಇಳಿಸಿಕೊಂಡ, ಅಳಿಸುವುದನ್ನು ಮರೆತ. ಮಂಗಳವಾರ ನೆನಪಾಯಿತು. ಕೂಡಲೇ ಅಳಿಸಿದ. ನಾಲ್ಕು ದಿನದಲ್ಲಿ ಯಾರು ನೋಡಿರುತ್ತಾರೆ ಎಂದುಕೊಂಡ. ಎರಡು ತಿಂಗಳಾದ ಮೇಲೆ, ಆ ಪಟ್ಟಿ ಎಲ್ಲರ ಕೈಗೂ ಸಿಗುತ್ತಿದೆಯೆಂದು ಹೊರಗಿನವರೇ ಯಾರೋ ಪತ್ರ ಬರೆದರು.

“ಆಯ್ತಾ ಸರ್?” ತಂಡದ ಮುಖ್ಯಸ್ಥೆ ಬಂದು ನಿಂತಿದ್ದಳು. ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಕೈಯಲ್ಲಿ ಯಾವಾಗಲೂ ಅರ್ಧ ಕುಡಿದ ನೀರಿನ ಬಾಟಲಿ. ಅವನು ಬೆಚ್ಚಿ ಪರದೆಯ ಮೇಲಿದ್ದುದನ್ನು ಅಳಿಸಿಹಾಕಿದ.

“ಆಗಿದೆ. ಇನ್ನೊಂದೆರಡು ಪರೀಕ್ಷೆ ಇದೆ.”

“ಎಷ್ಟು ಸಲ ಸಿಕ್ಕಿದ್ರೆ ತಡೀಬೇಕು ಅಂತ ಯೋಚ್ನೆ ಮಾಡ್ತಿದ್ದೆ. ಒಂದೋ ಎರಡೋ ಸಲ ಸಿಕ್ಕಿದ್ದಕ್ಕೆಲ್ಲ ಬೇಡ ಅಂದ್ರೆ ಜನ ನಮ್ಮನ್ನ ಬಿಡ್ತಾರಾ? ಹತ್ತಕ್ಕಿಂತ ಜಾಸ್ತಿ ಇದ್ರೆ ಮಾತ್ರ ತಡೆಯೋಣ್ವಾ?”

ಒಂದನ್ನೂ ತಡೆಯಬೇಕು ಎಂದು ಹೇಳಬೇಕಿತ್ತು. ಒಂದು ಸಲವಾದರೂ ಸೋರಿದ್ದು ಸೋರಿದ್ದೇ. ಅಪರೂಪದ ಪದವಾದರಂತೂ ಅದು ಯಾರದೆಂದು ಬೆರಳಿಟ್ಟು ತೋರಿಸಬಹುದು. ಬದಲಿಗೆ ಅವನು, “ನೋಡೋಣ,” ಎಂದ.

“ಆ ಹೆಂಗಸಿನ ಫೋನು ಬಂದಿತ್ತು ಇವತ್ತು,” ಎಂದಳು ಮುಖ್ಯಸ್ಥೆ ಬಾಟಲಿಯ ಮುಚ್ಚಳ ತಿರುವುತ್ತ. “ವರದೀನ ಯಾರೋ ನೋಡಿಬಿಟ್ರಲ್ಲ, ಅವರದು. ಅತ್ತೆ ಮನೇವ್ರ ವರೆಗೂ ಸುದ್ದಿ ಹೋಗಿದೆಯಂತೆ. ಹಳೇ ಪಾಸ್‌ವರ್ಡು, ಯಾವುದೋ ಬಸ್ ಬುಕಿಂಗಿನ ಸೈಟಿಂದ ಸೋರಿದ್ದಂತೆ. ಇಲ್ಲೂ ಅದನ್ನೇ ಇಟ್ಕೊಂಡಿದ್ದು ನನ್ ತಪ್ಪೇ ಅಲ್ವಾ ಅಂತ ನನ್ನನ್ನೇ ಕೇಳ್ತಾರೆ ಪಾಪ. ಏನ್ ಹೇಳ್ಲಿ?”

ಅವಳು ಹೋದಮೇಲೂ ಆ ಪ್ರಶ್ನೆ ಮೇಜಿನ ಮೇಲೆ ಉಳಿಯಿತು. ನನ್ನ ತಪ್ಪೇ ಅಲ್ಲವೇ. ಇಂಥದೇ ಅಳುಕನ್ನು, ಇದಕ್ಕಿಂತ ಕೆಳಗಿನ ದನಿಯಲ್ಲಿ, ಹಿಂದಿನ ಕಂಪನಿಯ ವಿಚಾರಣೆ ನಡೆದ ಉದ್ದ ಮೇಜಿನ ಕೋಣೆಯಲ್ಲಿ ಇನ್ನೊಬ್ಬಳ ಬಾಯಿಂದ ಅವನು ಕೇಳಿಸಿಕೊಂಡಿದ್ದ. ಆಫೀಸಿನಲ್ಲಿ ಅವಳನ್ನು ಎಲ್ಲರೂ ಅರಗಿಣಿ ಎನ್ನುತ್ತಿದ್ದರು, ಯಾಕೆಂದರೆ ಕೆಲಸ ಮಾಡುವಾಗ ಅವಳು ತಾನು ಬರೆದದ್ದನ್ನೆಲ್ಲ ಗುನುಗುತ್ತ ಓದಿಕೊಳ್ಳುತ್ತಿದ್ದಳು. ಒಂದೊಂದು ಸಾಲನ್ನೂ ಬಾಯಲ್ಲಿ ಆಡಿ ನೋಡಿದ ಮೇಲೇ ಗುಂಡಿ ಒತ್ತುತ್ತಿದ್ದಳು. ಇಪ್ಪತ್ತೈದರ ಹುಡುಗಿ. ಅವಳ ಪಕ್ಕದ ಮೇಜು ಅವನದು, ಕೆಲಸ ಕಲಿಸಿದವನೂ ಅವನೇ. ಆ ವಾರ ಅದೇ ಫೋಲ್ಡರನ್ನು ಯಾರು ಯಾರು ತೆರೆಯಬಹುದೆಂಬ ಅನುಮತಿಗಳನ್ನು ಅವಳು ಬದಲಿಸಿದ್ದಳು, ಬಸ್ಸುಗಳ ಚಿತ್ರ ಹಾಕುವುದಕ್ಕೆ. ಯಾರು ಯಾವ ಕಡತ ತೆಗೆದರೆಂಬ ದಾಖಲೆ ಮೂವತ್ತು ದಿನವಷ್ಟೇ ಉಳಿಯುತ್ತಿತ್ತು, ಅಷ್ಟರಲ್ಲಿ ಅದು ಅಳಿದುಹೋಗಿತ್ತು. ಉಳಿದದ್ದು ಅವಳ ಹೆಸರು ಮಾತ್ರ. ಆ ಫೋಲ್ಡರ್ ಮುಟ್ಟಿದ್ದು ಯಾರು ಎಂದು ಕಂಪನಿಯ ಯಜಮಾನರು ಕೇಳಿದರು. ನಾನು ಸರ್, ಎಂದಳು. ಪಟ್ಟಿಗೂ ಅದೇ ಅನುಮತಿ ಹೋಗಿರಬಹುದಲ್ಲ? ಇಲ್ಲ ಸರ್, ನಾನು ಚಿತ್ರಗಳಿಗೆ ಮಾತ್ರ... ಖಾತ್ರಿಯಾ? ಅವಳು ಯೋಚಿಸಿದಳು. ಸುಳ್ಳು ಹೇಳಲು ಬಾರದವರು ಯೋಚಿಸುವ ಹಾಗೆ ಬಹಳ ಹೊತ್ತು ಯೋಚಿಸಿ, ಅವನ ಕಡೆ ತಿರುಗಿದಳು. ಆಗ ಅವನು ಬಾಯಿ ತೆರೆದ. ಬಾಯಿ ತೆರೆಯುವಾಗ ನಿಜ ಹೇಳುವುದಕ್ಕೇ ತೆರೆದದ್ದೆಂದು ಅವನು ಎಷ್ಟೋ ದಿನ ನಂಬಿಕೊಂಡಿದ್ದ. ಹೊರಗೆ ಬಂದದ್ದು ಮಾತ್ರ, “ಒಂದೊಂದ್ಸಲ ಕಣ್ತಪ್ಪಿ ಆಗತ್ತೆ ಸರ್, ಹೊಸಬಳು.” ಹೊರಬಂದ ಮೇಲೆ ಯಾರೋ ಅವನ ಬೆನ್ನು ತಟ್ಟಿ, ನೀವೊಬ್ರಾದ್ರೂ ಅವಳ ಪರ ಮಾತಾಡಿದ್ರಿ, ಎಂದರು. ಅವಳೂ ಕೆಲಸ ಕಳೆದುಕೊಂಡು ಹೋಗುವ ದಿನ ತನ್ನ ಲೋಟ, ಚಪ್ಪಲಿ, ಹಲ್ಲು ಮುರಿದ ಬಾಚಣಿಗೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಂದು, ಥ್ಯಾಂಕ್ಸ್ ಸರ್, ಎಂದಿದ್ದಳು. ಅವನು, ಛೆ ಛೆ, ಎಂದಿದ್ದ.

ಊಟದ ಹೊತ್ತಿಗೆ ಹೆಂಡತಿಯ ಫೋನು. “ನಂಗೊಂದು ಮೆಸೇಜ್ ಬಂದಿದೆ, ನಿಮ್ಮ ರಿಪೋರ್ಟ್ ಸೈಟಿಂದ. ಪಾಸ್‌ವರ್ಡ್ ಬದಲಾಯಿಸಿ ಅಂತ. ನೀವೇ ಕಳ್ಸಿದ್ದಾ?”

“ಹೂಂ. ನಿಂದು ಎಲ್ಲ ಕಡೆ ಸೋರಿದೆ.”

“ನನ್ನಂಥವಳ ಪಾಸ್‌ವರ್ಡ್ ತಗೊಂಡು ಯಾರು ಏನ್ ಮಾಡ್ತಾರೆ ರೀ? ಸಕ್ಕರೆ ಎಷ್ಟಿದೆ ಅಂತ ನೋಡ್ತಾರೆ, ಅಷ್ಟೇ ತಾನೇ.” ಆಮೇಲೆ ದನಿ ಬದಲಾಯಿತು. “ಯಾಕೆ ಒಂಥರಾ ಇದೀರಿ?”

“ಏನಿಲ್ಲ.”

“ಏನಿಲ್ಲ ಅನ್ನೋವಾಗ ನಿಮ್ ಬಾಯಿ ಒಣಗಿರತ್ತೆ. ನೀರು ಕುಡೀರಿ.”

ಹೇಳಿಬಿಡಬಹುದಿತ್ತು. ಆರು ವರ್ಷದಲ್ಲಿ ಹೇಳಿಬಿಡಬಹುದಾಗಿದ್ದ ಇಂಥ ಎಷ್ಟೋ ಗಳಿಗೆಗಳು ಬಂದಿದ್ದವು, ಒಂದೊಂದೂ ಹೋದಮೇಲೆ ಮುಂದಿನದು ಇನ್ನಷ್ಟು ಇಕ್ಕಟ್ಟಾಗುತ್ತ ಬಂದಿತ್ತು. ಇವಳಿಗೆ ಹೇಳಿದರೆ ಇವಳು ಮರುಕಪಡುತ್ತಾಳೆ; ಆ ಮರುಕ ಸಿಕ್ಕಿಬಿಟ್ಟರೆ ಅಲ್ಲಿಗೆ ಎಲ್ಲ ಮುಗಿದ ಹಾಗೆ ತಾನು ನಿದ್ದೆ ಹೋಗುತ್ತೇನೆ. ಅವನು ನೀರು ಕುಡಿದ. ಅರ್ಧ ದಿನದ ರಜೆ ಬೇಕೆಂದು ಮುಖ್ಯಸ್ಥೆಗೆ ಎರಡು ಸಾಲು ಬರೆದ. ಆಮೇಲೆ, ಎದ್ದವನು ಮತ್ತೆ ಕೂತು, ಮೂರನೆಯ ಸಾಲನ್ನೂ ಸೇರಿಸಿದ: ಒಂದು ಸಲ ಸಿಕ್ಕಿದ್ದನ್ನೂ ತಡೆಯಬೇಕು, ಯಾಕೆಂದು ನಾಳೆ ಬಂದು ಹೇಳುತ್ತೇನೆ.

ಅರಗಿಣಿ ಎಲ್ಲಿದ್ದಾಳೆಂದು ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ, ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದಾಗ, ಒಂದು ಕನ್ನಡಕದಂಗಡಿಯ ಗಾಜಿನ ಒಳಗೆ ಬಗ್ಗಿ ಏನನ್ನೋ ಮಾಡುತ್ತಿದ್ದ ತಲೆಯೊಂದು ಕಂಡು, ಬೈತಲೆ ತೆಗೆದ ರೀತಿಯಿಂದಲೇ ಗುರುತು ಹತ್ತಿತ್ತು. ಅಂದಿನಿಂದ ಅವನು ಆ ಬೀದಿಯನ್ನು ಬಿಟ್ಟು ಸುತ್ತುದಾರಿಯಲ್ಲಿ ಓಡಾಡುತ್ತಿದ್ದ. ಏಳು ನಿಮಿಷ ಹೆಚ್ಚಾಗುತ್ತಿತ್ತು. ದಿನಕ್ಕೆ ಏಳು ನಿಮಿಷದ ಶಿಕ್ಷೆಯನ್ನು ತನಗೆ ತಾನೇ ಕೊಟ್ಟುಕೊಂಡು ಅನುಭವಿಸುತ್ತಿದ್ದೇನೆ ಎನ್ನುವ ಹಾಗೆ ಅದರಲ್ಲೂ ಒಂದು ತೃಪ್ತಿ ಇತ್ತು ಎಂಬುದು ಈಗ, ಆ ಬೀದಿಯ ಮೂಲೆ ತಿರುಗುವಾಗ, ಹೊಳೆದು ನಾಚಿಕೆಯಾಯಿತು. ಬೀಗ ರಿಪೇರಿಯವನು ಮೆಟ್ಟಿಲ ಮೇಲೆ ಕೂತು ಅರ ಉಜ್ಜುತ್ತಿದ್ದ. ಬೆಕ್ಕೊಂದು ಸೈಕಲ್ಲಿನ ಸೀಟಿನ ಮೇಲೆ ಮಲಗಿತ್ತು. ಏನೆಂದು ಶುರುಮಾಡುವುದು? ನೀನು ಎನ್ನುವುದೋ ನೀವು ಎನ್ನುವುದೋ? ಆಗೆಲ್ಲ ಏನಮ್ಮ, ಬಾರಮ್ಮ ಎನ್ನುತ್ತಿದ್ದ. ಅನ್ಯಾಯ ಮಾಡಿದವನಿಗೆ ಏಕವಚನದ ಸಲಿಗೆ ಉಳಿದಿರುತ್ತದೆಯೇ? ಬಹುವಚನವೆಂದರೆ ಅದೂ ಒಂದು ಬಗೆಯ ದೂರ ಸರಿದು ನಿಲ್ಲುವಿಕೆ. ಇದನ್ನು ತೀರ್ಮಾನಿಸುವ ಮೊದಲೇ ಅವನು ಬಾಗಿಲು ನೂಕಿಯಾಗಿತ್ತು.

“ಚೀಟಿ ತಂದಿದೀರಾ?” ಅವಳು ತಲೆಯೆತ್ತಲಿಲ್ಲ. ಪುಟ್ಟ ತಿರುಪುಳಿಯಲ್ಲಿ ಒಂದು ಮಗುವಿನ ಕನ್ನಡಕವನ್ನು ಬಿಗಿಮಾಡುತ್ತಿದ್ದಳು. ತುಟಿ ಅಲುಗುತ್ತಿರಲಿಲ್ಲ. ಅವಳು ಏನನ್ನೂ ಗುನುಗದೆ ಕೆಲಸ ಮಾಡುವುದನ್ನು ಅವನು ನೋಡಿದ್ದು ಅದೇ ಮೊದಲು. ಆಮೇಲೆ ತಲೆಯೆತ್ತಿ, “ಸರ್,” ಎಂದಳು. ನಕ್ಕಳು. ನಿಜವಾಗಿಯೂ ಸಂತೋಷಪಟ್ಟಳು. ಅದನ್ನು ಅವನು ಎಣಿಸಿರಲಿಲ್ಲ. “ಎಷ್ಟು ವರ್ಷ ಆಯ್ತು ಸರ್. ಕೂತ್ಕೊಳ್ಳಿ. ಇದು ನಮ್ಮ ಭಾವನ ಅಂಗಡಿ. ಅಕ್ಕ ಭಾವ ಊಟಕ್ಕೆ ಹೋಗಿದಾರೆ. ಅಯ್ಯೋ, ಏನಿದು ನಿಮ್ ಕನ್ನಡಕ, ಇಷ್ಟು ಸೊಟ್ಟ? ತಗೀರಿ ಇಲ್ಲಿ.” ಅವನು ಬೇಡವೆನ್ನುವಷ್ಟರಲ್ಲಿ ಅವಳು ಅವನ ಮುಖದಿಂದ ಅದನ್ನು ಎರಡೂ ಕೈಯಲ್ಲಿ ಬಿಡಿಸಿಕೊಂಡಿದ್ದಳು.

ಕನ್ನಡಕವಿಲ್ಲದೆ ಅವನಿಗೆ ಮೊಳದಾಚೆ ಏನೂ ಸರಿಯಾಗಿ ಕಾಣುವುದಿಲ್ಲ. ಗೋಡೆಯ ತುಂಬ ತೂಗುಹಾಕಿದ್ದ ಫ್ರೇಮುಗಳು ಕರಗಿ ಬೆಳಕಿನ ಗೆರೆಗಳಾದವು. ಅವಳು ಒಂದು ನೀಲಿ ಬಟ್ಟೆಯಾದಳು, ಅದರ ಮೇಲೊಂದು ಕಂದು ಮಸುಕು. ಅವಳ ಮುಖ ನೋಡುತ್ತ ಹೇಳಬೇಕೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದ; ಈಗ ಆ ಮುಖವೇ ಇರಲಿಲ್ಲ. ಕಾದರೆ ಕೊಡುತ್ತಾಳೆ. ಆದರೆ ಕಾದರೆ, ಈ ನಗು, ಈ ಉಪಚಾರ, ಇನ್ನೊಂದು ಗಳಿಗೆ ಮುಂದುವರಿದರೆ, ತಾನು ಫ್ರೇಮು ಸರಿಮಾಡಿಸಿಕೊಂಡು ಥ್ಯಾಂಕ್ಸ್ ಹೇಳಿ ಹೋಗಿಬಿಡುತ್ತೇನೆ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು.

“ಆ ಪಟ್ಟಿ ಹೊರಗಿಟ್ಟಿದ್ದು ನಾನು,” ಎಂದ ಆ ಮಸುಕಿಗೆ.

“ಯಾವ ಪಟ್ಟಿ?”

“ಬಸ್ ಸೈಟಿಂದು. ಪಾಸ್‌ವರ್ಡ್‌ಗಳದ್ದು. ಆ ಫೋಲ್ಡರಿಗೆ ಹಾಕಿದ್ದು ನಾನು. ನೀನು ಮಾಡಿದ್ದಲ್ಲ. ನಿಮ್ದಲ್ಲ ಅದು.”

ತಿರುಪುಳಿಯ ಕಿರಕಿರ ಸದ್ದು ನಿಂತಿತು. ಅವನು ಕಣ್ಣು ಕಿರಿದುಮಾಡಿ ನೋಡಿದ, ಕಂದು ಮಸುಕು ಇದ್ದಲ್ಲೇ ಇತ್ತು. ಅಷ್ಟರಲ್ಲಿ ಬಾಗಿಲು ತೆರೆದು ಮುದುಕಿಯೊಬ್ಬಳು ಬಂದು, ನನ್ ಕನ್ನಡಕ ಆಯ್ತೇನಮ್ಮ, ಎಂದಳು. ಆಗಿದೆ ಅಜ್ಜಿ ಬನ್ನಿ, ಎಂದಿತು ಅರಗಿಣಿಯ ದನಿ, ಏನೂ ಆಗದವಳ ಹಾಗೆ. ಇದನ್ನ ಹಾಕ್ಕೊಳ್ಳಿ, ಕೆಳಗಿನ ಸಾಲು ಓದಿ, ಮೂಗಿನ ಮೇಲೆ ಒತ್ತುತ್ತಾ, ಕಿವಿ ಹಿಂದೆ? ಮುದುಕಿ ಓದಿದಳು. ಎಲ್ಲ ಎಷ್ಟು ಚೆನ್ನಾಗಿ ಕಾಣತ್ತೆ, ಎಂದಳು. ಗೋಡೆಯ ಕಡೆ, ಬೀದಿಯ ಕಡೆ, ಕೊನೆಗೆ ಅವನ ಕಡೆಯೂ ತಿರುಗಿ ನೋಡಿ, ಇವರಿಗೆ ಹುಷಾರಿಲ್ವಾ, ಎಂದು ಕೇಳಿದಳು. ಹುಷಾರಾಗೇ ಇದಾರೆ ಅಜ್ಜಿ, ಎಂದಳು ಅರಗಿಣಿ. ಅವನು ಕುರುಡನ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತೇ ಇದ್ದ.

ಮುದುಕಿ ಹೋದಳು. “ಯಾವ ದಿನ?” ಎಂದಳು ಅರಗಿಣಿ.

“ಶುಕ್ರವಾರ. ನೀವು ಚಿತ್ರ ಹಾಕಿದ ಮಾರನೇ ದಿನ.”

“ಎಷ್ಟು ಹೊತ್ತಿಗೆ?”

“ನಾಲ್ಕೂಮುಕ್ಕಾಲು.”

“ಕಡತದ ಹೆಸರು?” ಅವನು ಹೇಳಿದ. “ತೆಗೆದದ್ದು?” ಮಂಗಳವಾರ ಬೆಳಿಗ್ಗೆ ಎಂದ. ಅವಳು ಒಂದೊಂದನ್ನೂ ಕೇಳಿ, ಪ್ರತಿ ಉತ್ತರಕ್ಕೂ ಸ್ವಲ್ಪ ತಡೆದು, ಒಳಗೆಲ್ಲೋ ಬಹಳ ದಿನದಿಂದ ಬಿಡಿಸಿಟ್ಟುಕೊಂಡ ಲೆಕ್ಕಕ್ಕೆ ಅದನ್ನು ಕೂಡಿಸಿ ನೋಡುತ್ತಿರುವಂತಿತ್ತು. ಇವಳಿಗೆ ಹೇಗೂ ಅನುಮಾನವಿದ್ದಿರಬೇಕು ಎಂದು ಅವನು ಆರು ವರ್ಷ ಅಂದುಕೊಂಡಿದ್ದ. ಅವಳಿಗೆ ತಿಳಿದಿದೆ, ಅವಳು ತನ್ನನ್ನು ದ್ವೇಷಿಸುತ್ತಿದ್ದಾಳೆ. ಆ ದ್ವೇಷದ ಆಸರೆಯಲ್ಲೇ ಅವನು ಇಷ್ಟು ದಿನ ತನ್ನ ಅಪರಾಧವನ್ನು ಹೊತ್ತುಕೊಂಡಿದ್ದ.

“ನಂಗೆ ಗೊತ್ತಿರ್ಲಿಲ್ಲ ಸರ್,” ಎಂದಳು. “ನಾನೇ ಮಾಡಿದ್ದು ಅಂತ ನಂಬಿದ್ದೆ.”

ಅವನ ಕೈ ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ತಡವಿತು.

“ಮೊದ್ಲು ಮೊದ್ಲು ಇಲ್ಲ, ನಾನಲ್ಲ ಅಂತಿದ್ದೆ. ಆಮೇಲೆ ಮನಸಲ್ಲೇ ಆ ಸಾಲೆಲ್ಲ ಮತ್ತೆ ಮತ್ತೆ ಬರೆದು ನೋಡ್ತಿದ್ದೆ. ಸಾವಿರ ಸಲ ನೋಡಿದ್ರೆ ಎಲ್ಲೋ ಒಂದ್ಸಲ ತಪ್ಪು ಕಾಣತ್ತೆ ಸರ್. ಕಂಡೇ ಕಾಣತ್ತೆ. ಕಂಡ ಮೇಲೆ ಅದೇ ನಿಜ ಆಗೋಯ್ತು. ಮತ್ತೆ ಆ ಕೆಲ್ಸಕ್ಕೆ ಹೋಗ್ಲಿಲ್ಲ. ಯಾರೋ ಕರೆದ್ರು, ಎರಡು ಕಡೆ. ಬೇಡ, ನನ್ ಕೈ ಸರಿ ಇಲ್ಲ ಅಂದೆ. ನಮ್ಮಪ್ಪ ಈಗ್ಲೂ ಒಂದು ಲೋಟ ಕೈಗೆ ಕೊಡೋವಾಗ ಜೋಪಾನ ಅಂತಾರೆ. ಮೂವತ್ತೊಂದು ವರ್ಷದವಳಿಗೆ.” ದನಿ ಏರಲಿಲ್ಲ. “ನೀವು ಕಣ್ತಪ್ಪಿ ಆಗತ್ತೆ ಅಂದ್ರಲ್ಲ ಆವತ್ತು, ಅದೊಂದು ಮಾತು ಸಮಾಧಾನ ಆಗಿತ್ತು ನಂಗೆ. ಸರ್ ಅಂಥವ್ರೇ ಬೈಲಿಲ್ವಲ್ಲ ಅಂತ.”

ಬೈದಿದ್ದರೆ ಒಳ್ಳೆಯದಿತ್ತು. ಎದ್ದು ಕಪಾಳಕ್ಕೆ ಹೊಡೆದಿದ್ದರೆ, ಕನ್ನಡಕವನ್ನು ನೆಲಕ್ಕೆ ಅಪ್ಪಳಿಸಿದ್ದರೆ. ಒಬ್ಬಳ ಕೆಲಸ ಕಳೆದೆ ಎಂದಷ್ಟೇ ತಿಳಿದು ಬಂದಿದ್ದವನಿಗೆ, ಅವಳ ಕೈಗಳನ್ನೇ ಅವಳಿಂದ ಕಳೆದಿದ್ದೇನೆ ಎನ್ನುವುದು ಈ ಮಂಜಿನಲ್ಲಿ ಕೂತು ತಿಳಿಯಬೇಕಾಯಿತು. “ಕ್ಷಮಿಸು ಅಂತ ಕೇಳೋದಕ್ಕೆ...” ಎಂದು ಶುರುಮಾಡಿದ.

“ಆರು ವರ್ಷ ಬಿಟ್ಟು ಇವತ್ತೇ ಯಾಕೆ ಬಂದ್ರಿ?”

ಅವನು ಹೇಳಿದ: ಹೊಸ ಕೆಲಸ, ಸೋರಿಕೆಗಳ ಪಟ್ಟಿ, ಐದಕ್ಷರ, ತನ್ನ ಹಳೆಯ ಪದ, ಒಂದು ಸಲ. ಹೇಳುವಾಗ ಅದೆಲ್ಲ ಎಷ್ಟು ಸಣ್ಣದಾಗಿ ಕಂಡಿತೆಂದರೆ, ಕನಿಷ್ಠ ಒಂದು ಕನಸಾದರೂ ಬಿದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಅವಳು ಪೂರ್ತಿ ಕೇಳಿದಳು. “ಆ ಪಟ್ಟಿಯವರಿಂದ ಉತ್ತರಾನೇ ಬರ್ಲಿಲ್ಲ ಅಂದ್ರೆ?” ಎಂದಳು.

“ಅಂದ್ರೆ?”

“ಅವರ ಸರ್ವರ್ ಮಲಗಿದ್ರೆ. ಆಗ ಪಾಸ್‌ವರ್ಡ್ ಒಪ್ಕೋತೀರಾ, ತಡೀತೀರಾ? ಒಪ್ಕೊಂಡ್ರೆ, ಆಮೇಲೆ ಮತ್ತೆ ನೋಡೋದಕ್ಕೆ ಗುರುತು ಮಾಡಿ ಇಟ್ಕೋತೀರಾ?”

ಅವನು ಅದನ್ನು ಯೋಚಿಸಿರಲಿಲ್ಲ. ಒಂದು ವಾರದಿಂದ ಆ ಕೆಲಸದಲ್ಲೇ ಇದ್ದವನು ಯೋಚಿಸಿರಲಿಲ್ಲ. ಅವಳಿಗೂ ಅದು ಗೊತ್ತಾಯಿತು. ಅವಳು ಉಸಿರೆಳೆದುಕೊಂಡದ್ದು ಅವನಿಗೆ ಕೇಳಿಸಿತು. ಅದು ಅವನ ಮೇಲಿನ ತಿರಸ್ಕಾರವಲ್ಲ. ತನ್ನೊಳಗೆ ಏನೋ ಇನ್ನೂ ಅಲುಗುತ್ತಿದೆ ಎಂದು ಕಂಡುಕೊಂಡವಳ ಉಸಿರು ಅದು.

“ಬರ್ದು ಕೊಡಿ,” ಎಂದಳು.

ಕಣ್ಣಿನ ನಂಬರು ಬರೆಯುವ ಪುಸ್ತಕದಿಂದ ಹಾಳೆಯೊಂದನ್ನು ಹರಿದು, ಅದರ ಖಾಲಿ ಬದಿಯನ್ನು ಮೇಲೆ ಮಾಡಿ ಮುಂದಿಟ್ಟಳು. ಕನ್ನಡಕ ಕೊಡಲಿಲ್ಲ, ಅವನೂ ಕೇಳಲಿಲ್ಲ. ಮೂಗು ಕಾಗದಕ್ಕೆ ತಗಲುವಷ್ಟು ಬಗ್ಗಿ, ಒಂದನೇ ತರಗತಿಯವನ ಹಾಗೆ ಬರೆಯತೊಡಗಿದ. ಹಳೆಯ ಕಂಪನಿಯ ಯಜಮಾನರಿಗೆ. ಅಚಾತುರ್ಯದಿಂದ ನಾನು ಒಂದು ಕಡತವನ್ನು, ಎನ್ನುವಲ್ಲಿಗೆ ಅವಳು ತಡೆದಳು.

“ಅಚಾತುರ್ಯ ಅಂದ್ರೆ ಏನು ಸರ್? ಏನ್ ಮಾಡಿದ್ರಿ ನೀವು?”

“ಬೇಗ ಮನೆಗೆ ಹೋಗ್ಬೇಕು ಅಂತ ಹೊರಗಿಟ್ಟೆ. ತೆಗೆಯೋದು ಮರೆತೆ.”

“ಹಾಗೇ ಬರೀರಿ.”

ಅವನು ಹೊಡೆದುಹಾಕಿ ಹಾಗೇ ಬರೆದ. ವಿಚಾರಣೆಯ ಸಂದರ್ಭದಲ್ಲಿ ಈ ವಿಷಯ ಪ್ರಸ್ತಾಪಕ್ಕೆ ಬರಲಿಲ್ಲವಾದ್ದರಿಂದ, ಎಂದು ಬರೆದ. ಅವಳು ಬೆರಳಿಟ್ಟಳು. ಬೆರಳು ಅಷ್ಟು ಹತ್ತಿರವಿದ್ದುದರಿಂದ ಸ್ಪಷ್ಟವಾಗಿ ಕಂಡಿತು, ಉಗುರಿನ ಸುತ್ತ ತಿರುಪುಳಿ ಜಾರಿ ಆದ ಸಣ್ಣ ಗೀರುಗಳು. “ಬರ್ಲಿಲ್ವಾ?” ಎಂದಳು. ಅವನು ಅದನ್ನೂ ಹೊಡೆದ. ಗೊತ್ತಿದ್ದೂ ಹೇಳಲಿಲ್ಲ, ಎಂದು ಬರೆದ. ತಪ್ಪು ಆಕೆಯದೆಂದು ಎಲ್ಲರೂ ನಂಬುವಂತೆ ಒಂದು ಮಾತನ್ನೂ ಆಡಿದೆ. ಇದನ್ನು ಅವಳು ಹೇಳಿಕೊಡಲಿಲ್ಲ. ಬರೆದಮೇಲೆ ಅವನ ಪೆನ್ನು ನಿಂತಿತು. ಹೊರಗೆ ಯಾರೋ ಸೈಕಲ್ಲಿನಿಂದ ಬೆಕ್ಕನ್ನು ಓಡಿಸುತ್ತಿದ್ದರು. ಕೊನೆಗೆ ಆಕೆಯಲ್ಲಿ ಕ್ಷಮೆ ಯಾಚಿಸುತ್ತ, ಎಂದು ಶುರುಮಾಡಿದ್ದನ್ನು ಅವಳು ಮುಗಿಸಗೊಡಲಿಲ್ಲ.

“ಅದು ಬೇಡ. ಅದನ್ನ ಇದ್ರಲ್ಲಿ ಸೇರಿಸ್ಬೇಡಿ. ಇದು ಏನಾಯ್ತು ಅನ್ನೋ ಕಾಗದ, ಅಷ್ಟೇ.”

“ಇದ್ರಿಂದ ನನ್ ಕೆಲ್ಸಕ್ಕೆ...” ಎಂದವನು ತಾನೇ ನಾಚಿ ನಿಲ್ಲಿಸಿದ. ಸಹಿ ಮಾಡಿದ. ದಿನಾಂಕ ಹಾಕುವಲ್ಲಿ ಕೈ ತಡೆಯಿತು. “ಯಾವ ದಿನಾಂಕ ಹಾಕ್ಲಿ? ಆ ಶುಕ್ರವಾರದ್ದಾ?”

“ಇವತ್ತಿಂದು ಹಾಕಿ,” ಎಂದಳು. “ಎಷ್ಟು ತಡ ಆಯ್ತು ಅಂತ ಓದಿದವ್ರಿಗೂ ಗೊತ್ತಾಗ್ಲಿ.”

ಅವನು ಇವತ್ತಿನದನ್ನು ಹಾಕಿದ. ಕಾಗದದ ಫೋಟೊ ತೆಗೆದು, ಫೋನನ್ನು ಕಣ್ಣಿಗೆ ಒತ್ತಿಕೊಂಡ ಹಾಗೆ ಹಿಡಿದು, ಯಜಮಾನರ ವಿಳಾಸ ಹುಡುಕಿ ಕಳಿಸಿದ. ಹೋಯಿತು ಎಂಬ ಸಣ್ಣ ಸದ್ದು ಇಬ್ಬರಿಗೂ ಕೇಳಿಸಿತು. ಆಮೇಲೆ ಅವಳು ಕನ್ನಡಕವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ತಾನೇ ಅವನ ಮುಖಕ್ಕಿಟ್ಟು, ಕಿವಿಯ ಹಿಂದೆ ಕಡ್ಡಿ ಕೂರಿಸಿ, ಸರಿಯಿದೆಯೇ ಎಂದು ಕೇಳಿದಳು, ಎಲ್ಲ ಗಿರಾಕಿಗಳನ್ನು ಕೇಳುವ ಹಾಗೆ. ಸರಿಯಿತ್ತು. ಇಡೀ ಅಂಗಡಿ ಒಮ್ಮೆಲೇ ತನ್ನ ಅಂಚುಗಳನ್ನು ಪಡೆದುಕೊಂಡಿತು. ಅವಳ ಮುಖ ಅವನು ನೆನಪಿಟ್ಟುಕೊಂಡಿದ್ದ ಮುಖವಾಗಿರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು, ಕೆನ್ನೆ ಒದ್ದೆಯಾಗಿತ್ತು, ಇಷ್ಟು ಹೊತ್ತೂ ಒದ್ದೆಯಾಗೇ ಇದ್ದಿರಬೇಕು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ, ಮರೆಸಲೂ ಇಲ್ಲ. ಏನಾದರೂ ಹೇಳುತ್ತಾಳೆಂದು ಅವನು ನಿಂತ. ಒಂದು ಮಾತು, ಎಂಥದೇ ಆಗಲಿ, ಅದನ್ನು ಇಟ್ಟುಕೊಂಡು ಬೀದಿಗಿಳಿಯಬಹುದಿತ್ತು.

“ಹೋಗಿ ಸರ್,” ಎಂದಳು ಅರಗಿಣಿ. ಸ್ಟೂಲನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕೂತು ಕಾಗದವನ್ನು ಮೊಣಕಾಲ ಮೇಲೆ ಹರವಿದಳು. “ನಾನಿದನ್ನ ಒಬ್ಳೇ ಓದ್ಬೇಕು.”